ಹದಿನೆಂಟು ಕಡ್ಡಿಯ ಕೊಡೆ

ಆ ಶನಿವಾರ ಜವರಯ್ಯನಿಗೂ ಮುತ್ತಮ್ಮನಿಗೂ ಜಗಳವಾದದ್ದು ಒಂದು ಸೀರೆಗೆ. ಅರಿಶಿನ ಬಣ್ಣದ ಹಳೆಯ ಸೀರೆ. ಸೆರಗು ಹರಿದು ಟ್ರಂಕಿನ ತಳ ಸೇರಿದ್ದು. ಮುತ್ತಮ್ಮ ಅದನ್ನು ಉಟ್ಟು ಹತ್ತು ವರ್ಷವಾಗಿತ್ತು. ಆದರೇನು, ಅದು ಅವಳ ಸೀರೆ. ಜವರಯ್ಯ ಕೇಳದೆ ಕತ್ತರಿ ಹಾಕಿದ್ದ. ಕತ್ತರಿಸಿ, ಹೊಲಿದು, ಒಂದು ಕೊಡೆಗೆ ಹೊದಿಸಿದ್ದ.

“ಒಂದು ಮಾತು ಕೇಳೋಕೆ ಏನಾಗಿತ್ತು?” ಎಂದಳು ಮುತ್ತಮ್ಮ.

“ಕೇಳಿದ್ರೆ ಕೊಡ್ತಿದ್ದೆಯಾ?”

“ಇಲ್ಲ.”

“ಅದ್ಕೇ ಕೇಳ್ಲಿಲ್ಲ ಕಣೇ.”

ಅವಳು ರೊಟ್ಟಿಗೆ ರಾಗಿ ಹಿಟ್ಟು ನಾದುತ್ತಿದ್ದಳು. ಸಿಟ್ಟನ್ನೆಲ್ಲ ಹಿಟ್ಟಿನ ಮೇಲೆ ತೀರಿಸಿಕೊಂಡಳು. ಅವತ್ತು ರೊಟ್ಟಿ ಹೂವಿನ ಹಾಗೆ ಬಂದವು. ಜವರಯ್ಯ ನಾಲ್ಕು ತಿಂದ. ಹೀಗಾದರೆ ದಿನಕ್ಕೊಂದು ಸೀರೆ ಕತ್ತರಿಸಬಹುದು ಎಂದ. ಅವಳು ಮೊಗಚುವ ಕೈಯನ್ನು ಅವನ ಕಡೆ ಎತ್ತಿದಳು. ಮಗಳು ಮಾಲಿನಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು.

ಇಸವಿ ಎರಡು ಸಾವಿರದ ಮೂರು. ಸೆಪ್ಟೆಂಬರ್ ಇಪ್ಪತ್ತು.

ಜವರಯ್ಯ ಕೊಡೆ ರಿಪೇರಿ ಮಾಡುವವನು. ಮನೆ ಹಗರೆಯಲ್ಲಿ. ಕೆಲಸ ಬೇಲೂರಿನ ಬಸ್ ನಿಲ್ದಾಣದ ಹತ್ತಿರ, ಒಂದು ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ. ಇಪ್ಪತ್ತೆಂಟು ವರ್ಷ ಅದೇ ಮೆಟ್ಟಿಲು, ಅದೇ ತಗಡಿನ ಪೆಟ್ಟಿಗೆ. ಬೇಸಿಗೆಯಲ್ಲಿ ಬೇಲೂರಿನಲ್ಲಿ ಕೆಲಸ ಕಡಿಮೆ. ಆಗ ಅರಸೀಕೆರೆಗೆ ಹೋಗುತ್ತಿದ್ದ. ಬೇಲೂರಿನವರು ಕೊಡೆ ಹಿಡಿಯುವುದು ಮಳೆಗೆ, ಅರಸೀಕೆರೆಯವರು ಹಿಡಿಯುವುದು ಬಿಸಿಲಿಗೆ. ಮುರಿಯುವುದು ಎರಡೂ ಕಡೆ ಒಂದೇ ಥರ ಎನ್ನುತ್ತಿದ್ದ.

ಓದಿದ್ದು ನಾಲ್ಕನೇ ಕ್ಲಾಸು. ಮುತ್ತಮ್ಮನದು ಮೂರನೇ ಕ್ಲಾಸು. ಈ ಒಂದು ಕ್ಲಾಸಿನ ಜಂಬವನ್ನು ಅವನು ಮದುವೆಯಾದಾಗಿನಿಂದ ಬಿಟ್ಟಿರಲಿಲ್ಲ.

ಅವನಿಗೊಂದು ಅಭ್ಯಾಸವಿತ್ತು. ರಿಪೇರಿಗೆ ಬಂದು ಮನೆಯಲ್ಲಿ ಉಳಿದ ಕೊಡೆಗಳನ್ನೆಲ್ಲ ಬೆಳಿಗ್ಗೆ ಎದ್ದವನೇ ಅಂಗಳಕ್ಕೆ ತರುವುದು. ಒಂದೊಂದನ್ನೇ ಬಿಚ್ಚುವುದು. ಸಾಲಾಗಿ ಇಡುವುದು. ಮುಖ ತೊಳೆದು ಬಂದು ಒಂದೊಂದನ್ನೇ ಮಡಚುವುದು. ಕೋಳಿಗಳಿಗೆ ಆ ಹೊತ್ತಿಗೆ ಜೀವ ಬಾಯಿಗೆ ಬರುತ್ತಿತ್ತು. ಅಕ್ಕಪಕ್ಕದವರು, ಜವರಯ್ಯನ ಅಂಗಳದಲ್ಲಿ ಅಣಬೆ ಎದ್ದಿವೆ ಎಂದು ಆಡಿಕೊಳ್ಳುತ್ತಿದ್ದರು. ಮಡಚಿಟ್ಟ ಕೊಡೆ ಮಡಚಿಕೊಂಡೇ ಇದ್ದರೆ ಕಡ್ಡಿಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಬಿಚ್ಚುವುದನ್ನೇ ಮರೆಯುತ್ತವೆ ಎಂದು ಅವನ ಲೆಕ್ಕ. ಕೊಡೆಯನ್ನು ಮಲಗಿಸಲೂ ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ಕಟ್ಟನ್ನು ಮಂಡಿಗಳ ನಡುವೆ ನೆಟ್ಟಗೆ ನಿಲ್ಲಿಸಿಕೊಂಡು ಕೂರುತ್ತಿದ್ದ. ಇದಕ್ಕೂ ಕಾರಣವಿತ್ತು. ಒಮ್ಮೆ ಅರಸೀಕೆರೆಯಿಂದ ಬರುವಾಗ ನಲವತ್ತು ಕೊಡೆಯ ಕಟ್ಟನ್ನು ಬಸ್ಸಿನ ಮೇಲೆ ಅಡ್ಡ ಮಲಗಿಸಿ ತಂದಿದ್ದ. ದಾರಿಯುದ್ದ ಕುಲುಕಿ, ಕಡ್ಡಿಗೆ ಕಡ್ಡಿ ಉಜ್ಜಿ, ಹಚ್ಚಿದ ಎಣ್ಣೆಯೆಲ್ಲ ಹೋಗಿ, ಅರ್ಧಕ್ಕರ್ಧ ಬಿಚ್ಚಲೇ ಇಲ್ಲ. ನಾಲ್ಕು ದಿನ ಊಟ ಸೇರದೆ ಕೂತಿದ್ದ.

ಈ ಕಥೆ ಗೊತ್ತಿದ್ದರೆ ಮುಂದಿನದು ತಿಳಿಯುತ್ತದೆ.

ತೊಂಬತ್ತೈದನೇ ಇಸವಿ ಡಿಸೆಂಬರಿನಲ್ಲಿ ಮಾಲಿನಿ ಬೇಲೂರಿನಲ್ಲಿ ಪಿಯುಸಿ ಓದುತ್ತಿದ್ದಳು. ಸಂಜೆ ಅಪ್ಪನ ಮೆಟ್ಟಿಲ ಮೇಲೆ ಕೂತು, ಬಸ್ಸು ಬರುವ ತನಕ ಅವನಿಗೆ ಪೇಪರ್ ಓದಿ ಹೇಳುತ್ತಿದ್ದಳು. ಅವತ್ತು ಓದಿದ್ದು ಅಮೆರಿಕದವರು ಬಿಟ್ಟ ಒಂದು ಗಗನನೌಕೆಯ ಸುದ್ದಿ. ಹೆಸರು ಗೆಲಿಲಿಯೋ. ಆರು ವರ್ಷ ನಡೆದು ಗುರುಗ್ರಹ ತಲುಪಿತ್ತು. ಜವರಯ್ಯ ಸೂಜಿಗೆ ದಾರ ಪೋಣಿಸುತ್ತ ಹೂಂಗುಟ್ಟುತ್ತಿದ್ದ. ಮಾಲಿನಿ ಮುಂದಿನ ಸಾಲು ಓದಿದಳು. ಮಾತು ಕಳಿಸಲು ಅದಕ್ಕೊಂದು ದೊಡ್ಡ ಆಂಟೆನಾ ಇದೆ, ಕೊಡೆಯ ಹಾಗೆ ಮಡಚಿ ಕಳಿಸಿದ್ದರು, ಅದಕ್ಕೆ ಹದಿನೆಂಟು ಕಡ್ಡಿ, ದಾರಿಯಲ್ಲಿ ಬಿಚ್ಚಲು ಹೋದರೆ ಮೂರು ಕಡ್ಡಿ ಸಿಕ್ಕಿಕೊಂಡು ಬಿಚ್ಚಲಿಲ್ಲ.

ಜವರಯ್ಯ ಸೂಜಿ ಕೆಳಗಿಟ್ಟ.

“ಎಷ್ಟು ದಿನ ಮಡಚಿಟ್ಟಿದ್ರಂತೆ?”

ವರ್ಷಗಟ್ಟಲೆ ಎಂದಿತ್ತು. ಹಾರಿಸುವುದು ತಡವಾಗಿತ್ತು. ಹಾರಿಸುವ ಮೊದಲು ಲಾರಿಯಲ್ಲಿ ಹಾಕಿಕೊಂಡು ದೇಶದ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಓಡಾಡಿಸಿದ್ದರು. ಕುಲುಕಿ ಕುಲುಕಿ, ಕಡ್ಡಿಗೆ ಹಚ್ಚಿದ ಜಾರುವ ಪುಡಿ ಸವೆದಿರಬೇಕು ಎಂದು ತಿಳಿದವರ ಊಹೆ.

ಜವರಯ್ಯ ಎದ್ದು ನಿಂತ. ಎದುರಿನ ಟೀ ಅಂಗಡಿಯವನಿಗೆ, ಹಣ್ಣಿನವನಿಗೆ, ಕಂಡವರಿಗೆಲ್ಲ ಹೇಳಿದ. ಅಷ್ಟು ಓದಿದವರು ತನ್ನ ತಪ್ಪನ್ನೇ ಮಾಡಿದ್ದಾರೆ ಎಂದು ಅವನಿಗೆ ಒಂದು ಕಡೆ ಸಂಕಟ, ಒಂದು ಕಡೆ ಹೇಳತೀರದ ಸಂತೋಷ. ಮನೆಗೆ ಬಂದು ಮುತ್ತಮ್ಮನಿಗೂ ಹೇಳಿದ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಕೇಳಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಮರುದಿನವೇ ಮಾಲಿನಿಯಿಂದ ಇಂಗ್ಲಿಷಿನಲ್ಲಿ ಅಮೆರಿಕಕ್ಕೆ ಒಂದು ಕಾಗದ ಬರೆಸಿದ. ಸಿಕ್ಕಿಕೊಂಡ ಕೊಡೆಯನ್ನು ಬಲ ಹಾಕಿ ಎಳೆಯಬೇಡಿ. ಒಂದು ಎಲೆ ಅಡಿಕೆ ಜಗಿಯುವಷ್ಟು ಹೊತ್ತು ಬಿಸಿಲಿಗೆ ಹಿಡಿಯಿರಿ. ಅಷ್ಟೇ ಹೊತ್ತು ನೆರಳಿಗೆ ಹಿಡಿಯಿರಿ. ಆಮೇಲೆ ಬುಡಕ್ಕೆ ಅಂಗೈಯಲ್ಲಿ ಮೆಲ್ಲಗೆ ಮೂರು ಸಲ ತಟ್ಟಿ. ಬಿಚ್ಚದಿದ್ದರೆ ಮತ್ತೆ ಮೊದಲಿಂದ. ಇದೇ ಕಾಗದ. ಎಲೆ ಅಡಿಕೆಯನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದೆಂದು ಮಾಲಿನಿ ಬಹಳ ಒದ್ದಾಡಿದಳು. ಕೊನೆಗೆ ಹತ್ತು ನಿಮಿಷ ಎಂದು ಬರೆದಳು. ಅಪ್ಪನಿಗೆ ಹೇಳಲಿಲ್ಲ.

ಉತ್ತರ ಬರಲಿಲ್ಲ. ಬಂದದ್ದು ಇನ್ನೊಂದು ಪೇಪರು, ಆರು ತಿಂಗಳಾದ ಮೇಲೆ. ಅದರಲ್ಲಿ ಹೀಗಿತ್ತು. ಅವರು ನೌಕೆಯನ್ನು ಬಿಸಿಲಿಗೆ ತಿರುಗಿಸಿದ್ದರು, ನೆರಳಿಗೆ ತಿರುಗಿಸಿದ್ದರು, ಬಿಚ್ಚುವ ಮೋಟಾರನ್ನು ಹದಿಮೂರು ಸಾವಿರ ಸಲ ತಟ್ಟಿ ತಟ್ಟಿ ನೋಡಿದ್ದರು. ಎಲ್ಲ ಇವನ ಕಾಗದಕ್ಕಿಂತ ಎಷ್ಟೋ ಮೊದಲೇ. ಬೇರೆಯವನಾಗಿದ್ದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದ. ಜವರಯ್ಯ ಒಂದು ವಾರ ಎದೆ ಸೆಟೆಸಿ ಓಡಾಡಿದ.

“ಅಷ್ಟೆಲ್ಲ ಮಾಡಿದ್ರೂ ಯಾಕೆ ಬಿಚ್ಚಲಿಲ್ಲ ಹಂಗಾದ್ರೆ?” ಎಂದು ಕೇಳಿದಳು ಮುತ್ತಮ್ಮ.

ಅವನು ತನ್ನ ಅಂಗೈ ತೋರಿಸಿದ. “ತಟ್ಟೋಕೆ ಕೈ ಬೇಕು ಕಣೇ. ಅಲ್ಲಿ ಕೈ ಇರ್ಲಿಲ್ಲ.”

ದೊಡ್ಡ ಕೊಡೆ ಬಿಚ್ಚದಿದ್ದರೂ ಗೆಲಿಲಿಯೋ ಸುಮ್ಮನೆ ಕೂರಲಿಲ್ಲ. ಅದಕ್ಕೊಂದು ಪುಟ್ಟ ಆಂಟೆನಾ ಇತ್ತು. ಅದರಲ್ಲೇ ತೊಟ್ಟು ತೊಟ್ಟಾಗಿ ಸುದ್ದಿ ಕಳಿಸಿತು. ಎರಡು ವರ್ಷಕ್ಕೆಂದು ಹೋದದ್ದು ಎಂಟು ವರ್ಷ ದುಡಿಯಿತು. ಆ ಎಂಟು ವರ್ಷವೂ ಜವರಯ್ಯನ ಬಾಯಲ್ಲಿ ಅದೇ. ಗುರುವಿಗೆ ನಿಲ್ಲಲು ನೆಲವೇ ಇಲ್ಲ, ಒಳಗೆ ಹೋದಷ್ಟೂ ಗಾಳಿ, ದಟ್ಟ ಗಾಳಿ. ಸಾವಿರದ ಮುನ್ನೂರು ಭೂಮಿ ಸೇರಿಸಿದರೆ ಅವನೊಬ್ಬ. ಅವನ ಮೈಮೇಲೆ ಒಂದು ಕೆಂಪು ಮಚ್ಚೆ. ಅದು ಬಿರುಗಾಳಿ. ನಮ್ಮ ಭೂಮಿಯೇ ಅದರೊಳಗೆ ಹಿಡಿಸುತ್ತದೆ. ಇನ್ನೂರು ಮುನ್ನೂರು ವರ್ಷದಿಂದ ಅದು ನಿಂತೇ ಇಲ್ಲ.

“ನಿಮ್ಮ ಪೆಟ್ಟಿಗೆ ಅಲ್ಲಿಗೇ ತಗೊಂಡೋಗಿ. ಕೈತುಂಬ ಕೆಲಸ” ಎಂದಿದ್ದಳು ಮುತ್ತಮ್ಮ.

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಇಂದುಧರ ಎಂಬ ವ್ಯಾಪಾರಿ ಇದ್ದರು. ಹಣೆಯಲ್ಲಿ ವಿಭೂತಿ, ಮಠದ ಭಕ್ತರು, ಅಜ್ಜನ ಕಾಲದ ಕರಿಯ ಕೊಡೆ. ಅದನ್ನು ಜವರಯ್ಯನ ಕೈಗಲ್ಲದೆ ಇನ್ನೊಬ್ಬರಿಗೆ ಕೊಡುತ್ತಿರಲಿಲ್ಲ. ಗುರುಬಲ ನೋಡದೆ ಅಂಗಡಿಯ ಬೀಗವನ್ನೂ ಬದಲಾಯಿಸದ ಮನುಷ್ಯ. ಗುರುವಿಗೆ ನೆಲವಿಲ್ಲ ಎಂದು ಕೇಳಿ ಅವರಿಗೆ ಬೇಜಾರಾಯಿತು.

“ಬರೀ ಗಾಳಿ ಅಂತೀಯಲ್ಲ ಜವರಯ್ಯ, ಗಾಳಿಗೆ ಬಲ ಎಲ್ಲಿಂದ ಬರ್ಬೇಕು?”

“ನಿಮ್ಮ ಉಂಡೆ ಕೊಬ್ಬರಿ ಒಳಗೂ ಟೊಳ್ಳೇ ಅಲ್ವಾ ಸಾವ್ಕಾರ್ರೇ? ತಕ್ಕಡೀಲಿ ತೂಗಲ್ವಾ?”

ಇಂದುಧರ ನಕ್ಕುಬಿಟ್ಟರು. ಅಂದಿನಿಂದ ಅವರೂ ಕೇಳುವವರಾದರು. ಗೆಲಿಲಿಯೋ ಮೊದಲೇ ಬಿಟ್ಟಿದ್ದ ಒಂದು ಚಿಕ್ಕ ಯಂತ್ರ, ಅದು ತಲುಪಿದ ದಿನವೇ ಗುರುವಿನೊಳಗೆ ಇಳಿದಿತ್ತು. ಆ ಯಂತ್ರಕ್ಕೂ ಒಂದು ಕೊಡೆ, ಗಾಳಿಕೊಡೆ, ಅಂದರೆ ಪ್ಯಾರಾಚೂಟ್. ಅದು ಸರಿಯಾಗಿ ಬಿಚ್ಚಿತು. ಆ ಯಂತ್ರ ಒಂದು ಗಂಟೆಗೆ ಎರಡು ನಿಮಿಷ ಕಡಿಮೆ ಬದುಕಿತು. ಇಳಿಯುತ್ತ ಇಳಿಯುತ್ತ ಕಂಡದ್ದನ್ನು ಹೇಳಿತು. ಆಮೇಲೆ ಬಿಸಿಗೂ ಒತ್ತಡಕ್ಕೂ ನುಜ್ಜುಗುಜ್ಜಾಯಿತು. ಅಲ್ಲಿ ನೀರಿನ ಪಸೆ ಎಣಿಸಿದ್ದಕ್ಕಿಂತ ಬಹಳ ಕಡಿಮೆ ಎಂದು ಅದು ಹೇಳಿತ್ತು. ದೊಡ್ಡವರೆಲ್ಲ ತಲೆ ಕೆರೆದುಕೊಂಡರು. ಆಮೇಲೆ ನೋಡಿದರೆ ಅದು ಬಿದ್ದದ್ದು ಗುರುವಿನ ಒಂದು ಒಣ ಜಾಗದಲ್ಲಿ. ಜವರಯ್ಯ ಇದನ್ನು ಇಂದುಧರರಿಗೆ ಬಿಡಿಸಿ ಹೇಳಿದ. ಯಾರೋ ಹೊರಗಿನವನು ರೈಲಿನಲ್ಲಿ ಬಂದು ಅರಸೀಕೆರೆಯಲ್ಲಿ ಇಳಿದ, ಸುತ್ತ ನೋಡಿದ, ಈ ಸೀಮೆಗೆ ಮಳೆಯೇ ಇಲ್ಲ ಎಂದು ಬರೆದುಕೊಂಡು ಹೋದ. ಅವನು ಬೇಲೂರಿನ ಬಸ್ಸು ಹತ್ತಲೇ ಇಲ್ಲ. ಇಂದುಧರರಿಗೆ ತಮ್ಮ ಊರನ್ನು ಒಣ ಎಂದದ್ದು ಹಿಡಿಸಲಿಲ್ಲ. ಅರ್ಥ ಮಾತ್ರ ಚೆನ್ನಾಗಿ ಆಯಿತು.

ಜವರಯ್ಯನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಗುರುವಿನ ಒಂದು ಚಂದ್ರ. ಯುರೋಪಾ. ಮೇಲೆಲ್ಲ ಹಿಮದ ಹೆಪ್ಪು, ಕೆಳಗೆ ಸಮುದ್ರ ಇರಬೇಕು ಎಂದು ಗೆಲಿಲಿಯೋ ತೋರಿಸಿಕೊಟ್ಟಿತು. ಎರಡು ಸಾವಿರದ ಮೂರರಲ್ಲಿ ನೌಕೆಯ ಇಂಧನ ಮುಗಿಯುತ್ತ ಬಂತು. ಹಾಗೇ ಬಿಟ್ಟರೆ ಎಂದಾದರೂ ಹೋಗಿ ಆ ಚಂದ್ರನ ಮೇಲೆ ಬಿದ್ದೀತು. ಭೂಮಿಯಿಂದ ಅಂಟಿಕೊಂಡು ಹೋದ ಕ್ರಿಮಿ ಅಲ್ಲಿನ ನೀರಿಗೆ ಸೇರೀತು. ಅದಕ್ಕೆ, ಸೆಪ್ಟೆಂಬರ್ ಇಪ್ಪತ್ತೊಂದಕ್ಕೆ ಅದನ್ನು ಗುರುವಿನೊಳಗೇ ಬೀಳಿಸುವುದೆಂದು ತೀರ್ಮಾನವಾಯಿತು.

ಮಾಲಿನಿ ಇದನ್ನು ಓದಿ ಹೇಳಿದ ದಿನ ಜವರಯ್ಯನಿಗೆ ಅಪ್ಪ ನೆನಪಾದ. ಅವನ ಅಪ್ಪನ ಕಾಲದಲ್ಲಿ ಊರ ಬಾವಿಯನ್ನು ಇವರ ಕೇರಿಯವರು ಮುಟ್ಟುವಂತಿರಲಿಲ್ಲ. ಮುಟ್ಟಿದರೆ ನೀರು ಕೆಡುತ್ತದೆ ಎನ್ನುತ್ತಿದ್ದರು. ಇವರ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಬಂದದ್ದು ಆ ಕಾಲ ಕಳೆದ ಮೇಲೆ. “ಈ ಅಮೆರಿಕದೋರ್ನ ಯಾರೂ ಮುಟ್ಬೇಡಿ ಅನ್ನಲಿಲ್ಲ ನೋಡು” ಎಂದ ಮಗಳಿಗೆ. “ನೀರು ಕೆಡ್ಬಾರ್ದು ಅಂತ ಅವ್ರೇ ದೂರ ನಿಂತ್ರು. ಇದು ಮರ್ಯಾದೆ.”

ಮಾಲಿನಿ ಆಗ ಹಳೇಬೀಡಿನ ಒಂದು ಶಾಲೆಯಲ್ಲಿ ಟೀಚರು. ಅಲ್ಲಿನ ಹೆಡ್ ಮಾಸ್ತರು ಗಂಗಾಧರಯ್ಯ. ಬೇಲೂರಿನಲ್ಲಿ ಕೊಡೆ ರಿಪೇರಿಗೆ ಕೊಟ್ಟು ನಿಂತಿದ್ದಾಗ ಜವರಯ್ಯನ ಬಾಯಿಗೆ ಸಿಕ್ಕಿ, ಎರಡು ಬಸ್ಸು ತಪ್ಪಿಸಿಕೊಂಡಿದ್ದರು. ನೌಕೆ ಬೀಳುವ ಮರುದಿನ, ಸೋಮವಾರ, ಶಾಲೆಗೆ ಬಂದು ಮಕ್ಕಳಿಗೆ ಗುರುವಿನ ಕಥೆ ಹೇಳಬೇಕು ಎಂದು ಅವರೇ ಕೇಳಿದರು.

ನಾಲ್ಕನೇ ಕ್ಲಾಸು ಓದಿದವನನ್ನು ಶಾಲೆಗೆ ಪಾಠ ಹೇಳಲು ಕರೆದಿದ್ದರು. ಜವರಯ್ಯ ಒಂದು ತಿಂಗಳು ತಯಾರಿ ನಡೆಸಿದ. ಕೆಟ್ಟ ಕೊಡೆಗಳ ಕಡ್ಡಿ ಆಯ್ದು ಹದಿನೆಂಟು ಕಡ್ಡಿಯ ಕೊಡೆಯೊಂದನ್ನು ಕಟ್ಟಿದ. ಮೂರು ಕಡ್ಡಿಗಳನ್ನು ಒಳಗಿನಿಂದ ಕರಿಯ ದಾರದಲ್ಲಿ ಬಿಗಿದ. ಬಿಚ್ಚಿದರೆ ಹದಿನೈದು ಏಳಬೇಕು, ಮೂರು ಏಳಬಾರದು, ಕೊಡೆ ಒಂದು ಮಗ್ಗುಲಿಗೆ ಸೊಟ್ಟ ನಿಲ್ಲಬೇಕು. ಗೆಲಿಲಿಯೋದ ಕೊಡೆಗೆ ಚಿನ್ನದ ನೀರು ಕುಡಿಸಿದ ತಂತಿಯ ಬಲೆ ಹೊದಿಸಿದ್ದರು. ಜವರಯ್ಯನಿಗೆ ಸಿಕ್ಕಿದ್ದು ಹೆಂಡತಿಯ ಅರಿಶಿನ ಬಣ್ಣದ ಸೀರೆ.

ಆ ಶನಿವಾರ ಸಂಜೆ ಅವನು ಅಂಗಳದಲ್ಲಿ ನಿಂತು ಪೂರ್ತಿ ಕಥೆಯನ್ನು ಒಂದು ಸಲ ಹೇಳಿದ. ಕೇಳಲು ಇದ್ದವಳು ಮುತ್ತಮ್ಮ ಒಬ್ಬಳೇ. ಅವಳು ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು.

“ನೀನು ಕೇಳ್ತಾನೇ ಇಲ್ಲ” ಎಂದ ನಡುವೆ ನಿಲ್ಲಿಸಿ.

“ಹೇಳಿ ಹೇಳಿ. ಕಿವಿ ಇಲ್ಲೇ ಐತೆ.”

“ಎಂಟು ವರ್ಷದಿಂದ ಹೇಳ್ತಾ ಇದೀನಿ. ಒಂದಾದ್ರೂ ನೆನಪೈತಾ?”

“ಸೀರೆ ನೆನಪೈತೆ” ಎಂದಳು.

ಭಾನುವಾರ ಬೆಳಿಗ್ಗೆ ಜವರಯ್ಯ ಎಂದಿನಂತೆ ಕೊಡೆಗಳನ್ನು ಅಂಗಳಕ್ಕೆ ತಂದ. ಇಪ್ಪತ್ತಮೂರು ಇದ್ದವು. ಮುತ್ತಮ್ಮ ಒಳಗೆ ಒಲೆ ಹಚ್ಚುತ್ತಿದ್ದಳು. ಪಟ್ ಪಟ್ ಎಂದು ಕೊಡೆ ಬಿಚ್ಚುವ ಸದ್ದು ಕೇಳುತ್ತಿತ್ತು. ಆಮೇಲೆ ನಿಂತಿತು. ಮುಖ ತೊಳೆಯಲು ಹೋಗಿರಬೇಕು ಎಂದುಕೊಂಡಳು. ಟೀ ತಂದಳು. ಅವನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಗೋಡೆಗೆ ಒರಗಿದ್ದ. ಎದೆ ನಿಂತುಹೋಗಿತ್ತು. ಡಾಕ್ಟರನ್ನು ಕರೆಯುವ ಹೊತ್ತೂ ಸಿಗಲಿಲ್ಲ.

ಹದಿನಾಲ್ಕು ಕೊಡೆ ಬಿಚ್ಚಿದ್ದವು. ಒಂಬತ್ತು ಇನ್ನೂ ಮಡಚಿಯೇ ಇದ್ದವು. ಸಾಲಿನ ಕೊನೆಗೆ ಅರಿಶಿನ ಬಣ್ಣದ್ದು.

ಜನ ಸೇರಿದರು. ಜಾಗ ಬೇಕಿತ್ತು. ಯಾರೋ ಕೊಡೆಗಳನ್ನೆಲ್ಲ ಮಡಚಿ, ಒಳಗಿನ ಮೂಲೆಯಲ್ಲಿ ಒಂದರ ಮೇಲೊಂದು ಮಲಗಿಸಿದರು. ಮುತ್ತಮ್ಮ ಅದನ್ನು ಕಂಡಳು. ಮಲಗಿಸಬೇಡಿ ಎನ್ನಬೇಕೆನಿಸಿತು. ಅಷ್ಟರಲ್ಲಿ ಹೆಂಗಸರು ಅವಳನ್ನು ಹಿಡಿದು ಕೂರಿಸಿದರು.

ಅವತ್ತು ನಡುರಾತ್ರಿ ಕಳೆದ ಮೇಲೆ, ನಮ್ಮ ಗಡಿಯಾರದ ಪ್ರಕಾರ, ಗೆಲಿಲಿಯೋ ಗುರುವಿನೊಳಗೆ ಬಿತ್ತು. ಮಂಗಳವಾರದ ಪೇಪರಿನಲ್ಲಿ ಬಂತು. ಜವರಯ್ಯನ ಸಾವಿಗೂ ಅದಕ್ಕೂ ಏನೂ ಸಂಬಂಧವಿಲ್ಲ. ಮುತ್ತಮ್ಮನಿಗೆ ಅದು ಗೊತ್ತು. ಸಂಬಂಧ ಕಟ್ಟಲು ಬಂದವರಿಗೆ ಹಾಗೆಂದೇ ಹೇಳಿದಳು.

ವಾರ ಕಳೆದ ಮೇಲೆ ಇಂದುಧರ ಅರಸೀಕೆರೆಯಿಂದ ಬಂದರು. ಒಂದು ಚೀಲ ತೆಂಗಿನಕಾಯಿ ತಂದಿದ್ದರು. ಬಹಳ ಹೊತ್ತು ಜಗಲಿಯಲ್ಲಿ ಕೂತರು. ಹೊರಡುವಾಗ, ಕೇಳಬಾರದ್ದನ್ನು ಕೇಳುವವರ ಹಾಗೆ, ಅದು ಬಿತ್ತಾ ಎಂದು ಕೇಳಿದರು.

“ಬಿತ್ತು” ಎಂದಳು ಮುತ್ತಮ್ಮ. “ಹದಿನಾಲ್ಕು ವರ್ಷ ಆಗಿತ್ತು ಬಿಟ್ಟು. ಗುರೂನ ಮೂವತ್ತನಾಲ್ಕು ಸಲ ಸುತ್ತಿತ್ತು. ಕೊನೇ ಗಳಿಗೆವರ್ಗೂ ಸುದ್ದಿ ಕಳಿಸ್ತಿತ್ತಂತೆ.”

ಇಂದುಧರ ತಲೆಯಾಡಿಸಿ ಹೋದರು. ಮಾಲಿನಿ ಅವ್ವನ ಮುಖವನ್ನೇ ನೋಡುತ್ತ ನಿಂತಳು. ಮೂವತ್ತನಾಲ್ಕು ಸಲ ಎಂಬುದು ಅವಳಿಗೇ ನೆನಪಿರಲಿಲ್ಲ.

ಕೆಲವು ದಿನ ಬಿಟ್ಟು ಮಾಲಿನಿ ಮಾತು ತೆಗೆದಳು. ಮಕ್ಕಳು ಕೇಳುತ್ತಿದ್ದಾರೆ. ಹೆಡ್ ಮಾಸ್ತರು, ಬೇಡವಾದರೆ ಬೇಡ ಎಂದಿದ್ದಾರೆ. ಅವ್ವ ಬಂದು ಹೇಳಬಹುದಲ್ಲ? ಮುತ್ತಮ್ಮ, ಮೂರನೇ ಕ್ಲಾಸಿನವಳು ಯಾವ ಪಾಠ ಹೇಳುತ್ತಾಳೆ ಎಂದು ಎದ್ದು ಹೋದಳು. ಮಾಲಿನಿ ಬಿಡಲಿಲ್ಲ. ಕಥೆ ತಾನೇ ಹೇಳುತ್ತೇನೆ, ಅವ್ವ ಸುಮ್ಮನೆ ಬಂದು ಕೂತರೆ ಸಾಕು, ಅಪ್ಪ ಕಟ್ಟಿದ ಕೊಡೆಯನ್ನಾದರೂ ಮಕ್ಕಳು ನೋಡಲಿ ಎಂದಳು. ಅಷ್ಟಕ್ಕೆ ಮುತ್ತಮ್ಮ ಒಪ್ಪಿದಳು. ಅವಳ ಮನಸ್ಸಿನಲ್ಲಿ ಇದ್ದದ್ದು ಒಂದೇ. ಆ ಮನುಷ್ಯ ತಿಂಗಳು ಕೂತು ಮಾಡಿದ ಕೊಡೆ, ಅವಳ ಸೀರೆ ತಿಂದ ಕೊಡೆ, ಒಂದು ಸಲ ಮಕ್ಕಳ ಮುಂದೆ ಬಿಚ್ಚಬೇಕು. ಅದು ಅವನು ಕೊಟ್ಟ ಮಾತು. ಆಮೇಲೆ ಪೆಟ್ಟಿಗೆ ಮುಚ್ಚಿ ಅಟ್ಟಕ್ಕೆ ಹಾಕಿದರಾಯಿತು.

ದಸರಾ ರಜೆ ಮುಗಿದು, ನವೆಂಬರಿನ ಮೊದಲ ಸೋಮವಾರವೆಂದು ದಿನ ಗೊತ್ತಾಯಿತು.

ಹಗರೆಯಲ್ಲಿ ಹಳೇಬೀಡಿನ ಬಸ್ಸು ಹತ್ತುವಾಗ ಕಾಲಿಡಲು ಜಾಗವಿರಲಿಲ್ಲ. ಮುತ್ತಮ್ಮನನ್ನು ಜನ ಹಿಂದಕ್ಕೆ ತಳ್ಳಿದರು. ಮಾಲಿನಿ ಮುಂದೆ ಸಿಕ್ಕಿಕೊಂಡಳು. ಕಂಡಕ್ಟರ್ ಮಾಲಿನಿಯ ಕೈಯಿಂದ ಕೊಡೆ ಇಸಿದುಕೊಂಡು ಡ್ರೈವರ್ ಪಕ್ಕದ ಎಂಜಿನ್ ಮುಚ್ಚಳದ ಮೇಲೆ ಮಲಗಿಸಿದ. ಮುತ್ತಮ್ಮ ಇಪ್ಪತ್ತು ತಲೆಗಳ ಹಿಂದಿನಿಂದ ಅದನ್ನು ಕಂಡಳು. ಕಬ್ಬಿಣದ ಮುಚ್ಚಳ ಗಡಗಡ ನಡುಗುತ್ತಿತ್ತು. ಕೊಡೆಯೂ ನಡುಗುತ್ತಿತ್ತು.

“ಅದ್ನ ನಿಲ್ಸೀ” ಎಂದು ಕೂಗಿದಳು. ಬಸ್ಸನ್ನು ನಿಲ್ಲಿಸಲು ಹೇಳಿದಳೆಂದು ತಿಳಿದು ಯಾರೋ, ಕೂತ್ಕಳಮ್ಮ ಇನ್ನೂ ಹಳೇಬೀಡು ಬಂದಿಲ್ಲ ಎಂದರು. ಕೂರಲು ಜಾಗವಿದ್ದರಲ್ಲವೇ.

ಶಾಲೆಯ ಅಂಗಳದಲ್ಲಿ ಮಕ್ಕಳು ಸಾಲಾಗಿ ಕೂತಿದ್ದರು. ಗಂಗಾಧರಯ್ಯ ಜವರಯ್ಯನ ಬಗ್ಗೆ ನಾಲ್ಕು ಮಾತಾಡಿದರು. ಮುತ್ತಮ್ಮ ಕುರ್ಚಿಯ ತುದಿಯಲ್ಲಿ ಕೂತು ಸೆರಗಿನ ಅಂಚು ನೋಡಿಕೊಂಡಳು. ಮಾಲಿನಿ ಎದ್ದು ಕಥೆ ಶುರು ಮಾಡಿದಳು. ಚೆನ್ನಾಗಿಯೇ ಹೇಳಿದಳು, ಪುಸ್ತಕದಲ್ಲಿ ಇರುವ ಹಾಗೆ. ವ್ಯಾಸ ಇಷ್ಟು, ದೂರ ಇಷ್ಟು. ಹಿಂದಿನ ಸಾಲಿನಲ್ಲಿ ಒಬ್ಬ ಆಕಳಿಸಿದ. ಆಮೇಲೆ ಕೊಡೆಯ ಮಾತು ಬಂತು. ಮಾಲಿನಿ ಅರಿಶಿನ ಬಣ್ಣದ ಕೊಡೆಯನ್ನು ಎತ್ತಿ ಹಿಡಿದು ಬಿಚ್ಚಲು ಹೋದಳು.

ಬಿಚ್ಚಲಿಲ್ಲ.

ಮತ್ತೆ ನೂಕಿದಳು. ಮೂರಲ್ಲ, ಹದಿನೆಂಟೂ ಕಚ್ಚಿಕೊಂಡಿದ್ದವು. ಒಂದೂವರೆ ತಿಂಗಳು ಮಲಗಿದ ಕೊಡೆ, ಬಸ್ಸಿನಲ್ಲಿ ಅಷ್ಟು ದೂರ ಕುಲುಕಿದ ಕೊಡೆ. ಮಕ್ಕಳು ಕಿಸಕ್ಕೆಂದರು. ಮಾಲಿನಿಯ ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ತುಂಬಿತು. ಗಂಗಾಧರಯ್ಯ ಎದ್ದು, ಕೊಡಮ್ಮ ನಾನು ನೋಡ್ತೀನಿ ಎಂದು ಕೈ ಹಾಕಿ ಬಲವಾಗಿ ಎಳೆಯಲು ನೋಡಿದರು.

“ಬಿಡಿ ಸಾ” ಎಂದಳು ಮುತ್ತಮ್ಮ. “ಎಳೀಬಾರ್ದು. ಮುರಿದೋಯ್ತದೆ.”

ಅವಳು ಎದ್ದು ಕೊಡೆ ಇಸಿದುಕೊಂಡಳು. ಮಕ್ಕಳ ನಡುವೆ ಹಾದು, ಅಂಗಳದಲ್ಲಿ ಬಿಸಿಲಿದ್ದ ಕಡೆ ಹೋಗಿ ನಿಂತಳು. ಕೊಡೆಯನ್ನು ಬಿಸಿಲಿಗೆ ಹಿಡಿದಳು. ಹಿಡಿದು ಸುಮ್ಮನೆ ನಿಂತಳು. ಏನಾಗುತ್ತಿದೆ ಎಂದು ಯಾರಿಗೂ ತಿಳಿಯಲಿಲ್ಲ. ಮಕ್ಕಳೆಲ್ಲ ಕತ್ತು ತಿರುಗಿಸಿದರು.

“ಯಾಕಜ್ಜಿ ಬಿಸ್ಲಿಗೆ ಇಡ್ತಿದೀರಾ?” ಎಂದಳು ಮುಂದಿನ ಸಾಲಿನ ಒಂದು ಹುಡುಗಿ.

“ಅಜ್ಜಿ ಅಲ್ಲ, ಇನ್ನೂ ಎಲ್ಲಾ ಹಲ್ಲೂ ಅವೆ” ಎಂದಳು ಮುತ್ತಮ್ಮ. “ಬಿಸ್ಲಿಗೆ ಕಬ್ಣ ಹಿಗ್ತದೆ. ನೆಳ್ಳಿಗೆ ಕುಗ್ತದೆ. ಹಿಗ್ಗಿ ಕುಗ್ಗಿ ಕಚ್ಕೊಂಡಿದ್ದು ಸಡ್ಲ ಆಯ್ತದೆ. ಅಲ್ಲಿ ಮೇಲೂ ಹಿಂಗೇ ಮಾಡಿದ್ರು. ಸುಮ್ನೆ ಕಾಯ್ಬೇಕು. ಎಲೆ ಅಡ್ಕೆ ಹಾಕ್ಕೊಳ್ಳೋವಷ್ಟು ಹೊತ್ತು.”

ಕಾಯುವ ಹೊತ್ತು ಸುಮ್ಮನಿರಲಾಗಲಿಲ್ಲ. ಅವಳು ಹೇಳತೊಡಗಿದಳು. ಲಾರಿಯ ಕಥೆ ಹೇಳಿದಳು. ಅರಸೀಕೆರೆ ಬಸ್ಸಿನ ಮೇಲೆ ಮಲಗಿದ ನಲವತ್ತು ಕೊಡೆಯ ಕಥೆ ಹೇಳಿದಳು. ಮಕ್ಕಳು ನಕ್ಕರು. ಬಿಸಿಲಿನಿಂದ ಬೇವಿನ ಮರದ ನೆರಳಿಗೆ ಬಂದಳು. ಮಕ್ಕಳೂ ಎದ್ದು ಹಿಂದೆಯೇ ಬಂದರು. ನೆರಳಿನಲ್ಲಿ ನಿಂತು, ನೆಲವಿಲ್ಲದ ಗುರು, ನಿಲ್ಲದ ಬಿರುಗಾಳಿ, ಒಂದು ಗಂಟೆಗೆ ಎರಡು ನಿಮಿಷ ಕಡಿಮೆ ಬದುಕಿದ ಯಂತ್ರ ಎಲ್ಲ ಹೇಳಿದಳು. ಅರಸೀಕೆರೆಯಲ್ಲಿ ಇಳಿದು ಮಳೆಯಿಲ್ಲ ಎಂದು ಬರೆದವನ ಕಥೆಗೆ ಗಂಗಾಧರಯ್ಯನವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಅವರ ಹೆಂಡತಿಯ ತವರು ಅರಸೀಕೆರೆ.

ಆಮೇಲೆ ಅವಳು ಕೊಡೆಯ ಬುಡಕ್ಕೆ ಅಂಗೈಯಲ್ಲಿ ತಟ್ಟಿದಳು. ಒಂದು. ಎರಡು. ಮೂರು. ಬಿಚ್ಚಲಿಲ್ಲ. ಮತ್ತೆ ಬಿಸಿಲಿಗೆ ಹೋದಳು. ಮಕ್ಕಳೂ ಹೋದರು. ಮತ್ತೆ ನೆರಳಿಗೆ ಬಂದಳು. ಮಕ್ಕಳೂ ಬಂದರು. ಎಲ್ಲರೂ ಸೇರಿ ಎಣಿಸಿದರು. ಒಂದು. ಎರಡು.

ಪಟ್ ಎಂದಿತು. ಹದಿನೈದು ಕಡ್ಡಿ ಎದ್ದವು. ಮೂರು ಏಳಲಿಲ್ಲ. ಅರಿಶಿನ ಬಣ್ಣದ ಕೊಡೆ ಒಂದು ಮಗ್ಗುಲಿಗೆ ಸೊಟ್ಟ ನಿಂತಿತು, ಅವನು ಹೇಳಿದ್ದಂತೆಯೇ.

ಮಕ್ಕಳು ಚಪ್ಪಾಳೆ ತಟ್ಟಿದರು. ಮಾಲಿನಿ ಕಣ್ಣೊರೆಸಿಕೊಂಡು ತಾನೂ ತಟ್ಟಿದಳು. ಸೊಟ್ಟ ಕೊಡೆಯ ಅಡಿಯಲ್ಲಿ ನಿಂತ ಹುಡುಗಿಗೆ ಇನ್ನೊಂದು ಪ್ರಶ್ನೆ ಉಳಿದಿತ್ತು.

“ಅದು ಈಗ ಎಲ್ಲೈತೆ?”

ಮುತ್ತಮ್ಮ ಕೊಡೆಯನ್ನು ಇನ್ನೊಂದು ಕೈಗೆ ಬದಲಾಯಿಸಿದಳು.

“ಗುರೂನೊಳಗೇ ಐತೆ. ಕರ್ಗೋಯ್ತು. ಇದು ಗುರು, ಇದು ಗೆಲಿಲಿಯೋ ಅಂತ ಬೇರೆ ಮಾಡಿ ತೋರ್ಸೋಕಾಗಲ್ಲ. ಆದ್ರೆ ಎಲ್ಲೂ ಹ್ವಾಗಿಲ್ಲ. ಅಲ್ಲೇ ಐತೆ.”

ಹುಡುಗಿಗೆ ಅಷ್ಟು ಸಾಕಾಯಿತು. ಕೊಡೆ ಹಿಡಿಯಬಹುದೇ ಎಂದು ಕೇಳಿದಳು.

ವಾಪಸ್ಸು ಬರುವಾಗ ಮುತ್ತಮ್ಮ ಕೊಡೆಯನ್ನು ಮಂಡಿಗಳ ನಡುವೆ ನೆಟ್ಟಗೆ ನಿಲ್ಲಿಸಿಕೊಂಡು ಕೂತಳು. ಕಂಡಕ್ಟರ್ ಕೈ ಚಾಚಿದ. ಅವಳು ಒಮ್ಮೆ ನೋಡಿದಳು. ಅವನು ಕೈ ಹಿಂದೆಗೆದುಕೊಂಡ.

ಪೆಟ್ಟಿಗೆ ಅಟ್ಟಕ್ಕೆ ಹೋಗಲಿಲ್ಲ. ಮೂಲೆಯಲ್ಲಿ ಮಲಗಿದ್ದ ಇಪ್ಪತ್ತೆರಡು ಕೊಡೆಗಳನ್ನು ಅವಳು ಅಂಗಳಕ್ಕೆ ತಂದಳು. ಹನ್ನೊಂದು ಕಚ್ಚಿಕೊಂಡಿದ್ದವು. ಬಿಸಿಲು, ನೆರಳು, ಅಂಗೈ. ನಾಲ್ಕು ದಿನ ಹಿಡಿಯಿತು. ಆಮೇಲೆ ಕಟ್ಟು ಕಟ್ಟಿಕೊಂಡು ಬೇಲೂರಿಗೆ ಹೋಗಿ ಅದೇ ಮೆಟ್ಟಿಲ ಮೇಲೆ ಕೂತಳು. ಕೊಡೆಯವರು ಒಬ್ಬೊಬ್ಬರಾಗಿ ಬಂದು ತೆಗೆದುಕೊಂಡು ಹೋದರು. ಕೆಲವರು ಇನ್ನೊಂದು ಮುರಿದದ್ದನ್ನು ಕೈಗಿಟ್ಟು ಹೋದರು. ಹೊಲಿಗೆ ಅವಳಿಗೆ ಬರುತ್ತಿತ್ತು. ಕಡ್ಡಿ ಕೂರಿಸುವುದನ್ನು ಮುರಿದು ಮುರಿದು ಕಲಿತಳು. ಇಂದುಧರರ ಕೊಡೆಯನ್ನು ಮೊದಲ ಸಲ ಉಲ್ಟಾ ಕಟ್ಟಿಬಿಟ್ಟಳು. ಅವರು ಏನೂ ಅನ್ನದೆ ಒಂದು ವಾರ ಹಾಗೇ ಹಿಡಿದುಕೊಂಡು ಓಡಾಡಿದರಂತೆ.

ಐದು ವರ್ಷವಾಯಿತು. ಈಗ ಶನಿಗೆ ಇನ್ನೊಂದು ನೌಕೆ ಹೋಗಿದೆ. ಮಾಲಿನಿ ಓದಿ ಹೇಳುತ್ತಾಳೆ. ಅದರ ಆಂಟೆನಾ ಮಡಚುವಂಥದ್ದಲ್ಲವಂತೆ. ಒಳ್ಳೇದಾಯ್ತು ಎಂದಳು ಮುತ್ತಮ್ಮ.

ಆ ಇಪ್ಪತ್ತೆರಡರಲ್ಲಿ ಏಳು ಕೊಡೆಗೆ ಯಾರೂ ಬರಲಿಲ್ಲ. ಬರಲಿಕ್ಕಿಲ್ಲ. ಬಂದರೆ ಇರಲಿ ಎಂದು ಇಟ್ಟಿದ್ದಾಳೆ. ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಎಲ್ಲವನ್ನೂ ಅಂಗಳಕ್ಕೆ ತರುತ್ತಾಳೆ. ಹೊಸದಾಗಿ ಬಂದವು, ಆ ಏಳು, ಕೊನೆಗೆ ಅರಿಶಿನ ಬಣ್ಣದ್ದು. ಕೋಳಿಗಳು ಓಡುತ್ತವೆ. ಒಂದೊಂದನ್ನೇ ಬಿಚ್ಚುತ್ತಾಳೆ. ಮುಖ ತೊಳೆದು ಬಂದು ಒಂದೊಂದನ್ನೇ ಮಡಚುತ್ತಾಳೆ. ಗೋಡೆಗೆ ನೆಟ್ಟಗೆ ಒರಗಿಸಿ ನಿಲ್ಲಿಸುತ್ತಾಳೆ.